ಚೌಕಟ್ಟಿನ ಆಚೆಗಿರುವ ಮರಗಳು

1874ರ ಏಪ್ರಿಲ್ ಕೊನೆಯಲ್ಲಿ ಪ್ಯಾರಿಸ್‌ನ ‘ಲ ಸಿಯೆಕ್ಲ್’ ಪತ್ರಿಕೆಯಲ್ಲಿ ಜೂಲ್ ಕಸ್ತಾನ್ಯಾರಿ ಎಂಬ ವಿಮರ್ಶಕರು ಹೊಸ ಚಿತ್ರಕಾರರ ಒಂದು ಗುಂಪಿನ ಪ್ರದರ್ಶನದ ಬಗ್ಗೆ ಬರೆಯುತ್ತಾ, ಅವರಲ್ಲಿ ಒಬ್ಬ ಚಿತ್ರಕಾರನ ಮೇಲೆ ವಿಚಿತ್ರವಾದ ದೂರು ಹೊರಿಸಿದರು. ಈತ ಚಿತ್ರದೊಳಗೆ ಇಲ್ಲದ ಮರಗಳ ನೆರಳನ್ನು ನೆಲದ ಮೇಲೆ ಬರೆಯುತ್ತಾನೆ, ಇದು ದೊಡ್ಡ ತಪ್ಪು, ನೋಡುವವರು ಆ ಮರಗಳನ್ನು ಸುಮ್ನೆ ಊಹಿಸಿಕೊಂಡು ಕೂರಬೇಕು ಅಂತ. ಅಷ್ಟಕ್ಕೇ ಬಿಡಲಿಲ್ಲ. ಈತನಿಗೆ ತರಕಾರಿ ತೋಟಗಳ ಮೇಲೆ ಕೆಟ್ಟ ಮೋಹ, ಎಲೆಕೋಸು ಬರೆಯುವುದಕ್ಕೂ ಹಿಂದೆಮುಂದೆ ನೋಡುವುದಿಲ್ಲ ಎಂದೂ ಸೇರಿಸಿದರು.

ಆ ಚಿತ್ರಕಾರ ಕಮೀಲ್ ಪಿಸ್ಸಾರೋ. ನೆರಳಿನ ದೂರಿಗೆ ಸರಿಯಾಗಿ ಹೊಂದುವ ಚಿತ್ರ ‘ಜೆಲೇ ಬ್ಲಾಂಶ್’. ಚಳಿಗೆ ನೆಲದ ಮೇಲೆ ಬೆಳ್ಳಗೆ ಹೆಪ್ಪುಗಟ್ಟುವ ಮಂಜು ಇದೆಯಲ್ಲ, ಅದರ ಚಿತ್ರ. 1873ರಲ್ಲಿ ಬರೆದದ್ದು. 65 ಸೆಂಟಿಮೀಟರ್ ಎತ್ತರ, 93 ಸೆಂಟಿಮೀಟರ್ ಅಗಲ, ಕ್ಯಾನ್ವಾಸ್ ಮೇಲೆ ಎಣ್ಣೆಬಣ್ಣ. ಈಗ ಪ್ಯಾರಿಸ್‌ನ ಓರ್ಸೆ ಮ್ಯೂಸಿಯಂನಲ್ಲಿದೆ. ನನಗೆ ತುಂಬಾ ಇಷ್ಟವಾದ ಚಿತ್ರಗಳಲ್ಲಿ ಇದೂ ಒಂದು. ಆ ಗುಂಪಿನ ಚಿತ್ರರೀತಿಗೆ ಬಂದ ಹೆಸರು ಇಂಪ್ರೆಷನಿಸಂ. ಅದೆಂದರೆ ನೈದಿಲೆ ಕೊಳ, ಛತ್ರಿ ಹಿಡಿದ ಹೆಂಗಸರು, ದೋಣಿ ವಿಹಾರ ಎಂದುಕೊಂಡವರಿಗೆ ನಾನು ಮೊದಲು ತೋರಿಸುವುದು ಇದನ್ನೇ.

ಚಿತ್ರದಲ್ಲಿ ಏನಿದೆ ಎಂದು ಕೇಳಿದರೆ ಹೇಳುವುದಕ್ಕೆ ಜಾಸ್ತಿ ಏನೂ ಇಲ್ಲ. ಉತ್ತ ಹೊಲ. ಅದನ್ನು ಹಾದು ಹೋಗುವ ಒಂದು ಹಳೆಯ ದಾರಿ. ಪೋಂತ್ವಾಜ್ ಎಂಬ ಪಟ್ಟಣದಿಂದ ಎನ್ನೆರಿ ಎಂಬ ಹಳ್ಳಿಗೆ ಹೋಗುವ ದಾರಿ ಅದು. ಪೋಂತ್ವಾಜ್ ಇರುವುದು ಪ್ಯಾರಿಸ್‌ನಿಂದ ವಾಯವ್ಯಕ್ಕೆ ಸುಮಾರು 30 ಕಿಲೋಮೀಟರ್ ದೂರದಲ್ಲಿ, ವಾಜ್ ನದಿಯ ದಡದಲ್ಲಿ. ಚಳಿಗಾಲದ ಬೆಳಗು, ತೆಳು ನೀಲಿ ಆಕಾಶ. ದಾರಿಯಲ್ಲಿ ಒಬ್ಬ ಮನುಷ್ಯ, ಬೆನ್ನ ಮೇಲೆ ಪುಳ್ಳೆ ಸೌದೆಯ ಹೊರೆ, ಕೈಯಲ್ಲಿ ಊರುಗೋಲು. ಅಷ್ಟೇ. ಕಥೆ ಇಲ್ಲ, ಘಟನೆ ಇಲ್ಲ, ನೋಡಲೇಬೇಕಾದ ಪ್ರಸಿದ್ಧ ಜಾಗವೂ ಅಲ್ಲ.

ಆದರೆ ನೆಲವನ್ನು ನೋಡಿ. ಉಳುಮೆಯ ಸಾಲುಗಳು ಓರೆಯಾಗಿ ಹೋಗುತ್ತವೆ. ಆ ಸಾಲುಗಳ ಮೇಲೆ ಅಡ್ಡಡ್ಡ ಉದ್ದುದ್ದ ನೀಲಿ ಪಟ್ಟೆಗಳು ಬಿದ್ದಿವೆ. ಅವೇ ಆ ನೆರಳುಗಳು. ಮರಗಳು ಎಲ್ಲೋ ಚೌಕಟ್ಟಿನ ಹೊರಗೆ ನಿಂತಿವೆ, ನಮಗೆ ಕಾಣುವುದಿಲ್ಲ. ನೆರಳು ಮಾತ್ರ ಒಳಗೆ ಬಂದು ಸಾಲುಗಳನ್ನೂ ದಾರಿಯನ್ನೂ ದಾಟಿ ಮಲಗಿದೆ. ಸಾಲು ಒಂದು ಕಡೆಗೆ, ನೆರಳು ಇನ್ನೊಂದು ಕಡೆಗೆ. ಎರಡೂ ಸೇರಿ ಇಡೀ ಹೊಲ ನೇಯ್ದ ಬಟ್ಟೆಯ ಹಾಗೆ ಕಾಣುತ್ತದೆ.

ಕಸ್ತಾನ್ಯಾರಿ ಇದನ್ನು ತಪ್ಪು ಎಂದದ್ದು ಯಾಕೆ ಎಂದು ಅರ್ಥ ಮಾಡಿಕೊಳ್ಳಲು ನಾನು ಪ್ರಯತ್ನಪಟ್ಟಿದ್ದೇನೆ. ಅವರೇನೂ ಈ ಗುಂಪಿನ ಚಿತ್ರಕಾರರ ವೈರಿ ಆಗಿರಲಿಲ್ಲ. ಇವರು ನೋಟವನ್ನು ಬರೆಯುವುದಿಲ್ಲ, ನೋಟ ಹುಟ್ಟಿಸುವ ಅನುಭವವನ್ನು ಬರೆಯುತ್ತಾರೆ, ಆ ಅರ್ಥದಲ್ಲಿ ಇವರು ಇಂಪ್ರೆಷನಿಸ್ಟರು ಎಂದು ಅದೇ ಲೇಖನದಲ್ಲಿ ಚೆನ್ನಾಗಿಯೇ ಹೇಳಿದವರು ಅವರು. ಆದರೆ ಅವರು ಬೆಳೆದು ಬಂದ ರೀತಿಯಲ್ಲಿ ಚಿತ್ರ ಎಂದರೆ ತನ್ನಷ್ಟಕ್ಕೆ ತಾನು ಮುಗಿದ ಒಂದು ಜಗತ್ತು. ಒಳಗೆ ಕಾಣುವುದಕ್ಕೆಲ್ಲ ಕಾರಣವೂ ಒಳಗೇ ಇರಬೇಕು. ನೆರಳಿದ್ದರೆ ಮರ ಇರಬೇಕು.

ಹೊಲದಲ್ಲಿ ನಿಂತವರಿಗೆ ಹಾಗಿರುತ್ತದಾ? ಸ್ವಲ್ಪ ಲೆಕ್ಕ ಹಾಕೋಣ. ಪೋಂತ್ವಾಜ್ ಇರುವುದು ಸುಮಾರು 49 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ ಕೊನೆಯಲ್ಲಿ ಅಲ್ಲಿ ನಡುಮಧ್ಯಾಹ್ನವೂ ಸೂರ್ಯ 18 ಡಿಗ್ರಿ ಎತ್ತರಕ್ಕೆ ಏರುವುದಿಲ್ಲ. ಅಷ್ಟು ಕೆಳಗಿನ ಬಿಸಿಲಿಗೆ 10 ಮೀಟರ್ ಎತ್ತರದ ಮರದ ನೆರಳು 30 ಮೀಟರ್ ದಾಟುತ್ತದೆ. ಬೆಳಿಗ್ಗೆ ಸೂರ್ಯ 10 ಡಿಗ್ರಿಯಲ್ಲಿದ್ದಾಗ ಅದೇ ಮರದ ನೆರಳು 55 ಮೀಟರ್‌ಗಿಂತ ಉದ್ದ. ಹಾಗಾಗಿ ಚಳಿಗಾಲದ ಬೆಳಿಗ್ಗೆ ಆ ಸೀಮೆಯ ಬಯಲಲ್ಲಿ ನಿಂತರೆ ಎಲ್ಲೋ ದೂರದ ಮರಗಳ ನೆರಳು ಕಾಲಬುಡಕ್ಕೆ ಬಂದು ಬೀಳುವುದು ತೀರಾ ಮಾಮೂಲಿ. ತಲೆ ತಿರುಗಿಸದೆ ಆ ಮರ ಕಾಣುವುದಿಲ್ಲ. ಪಿಸ್ಸಾರೋ ತಲೆ ತಿರುಗಿಸದೆ ಬರೆದರು. ಅದರಿಂದ ಏನಾಯಿತು ಎಂದರೆ, ಚಿತ್ರ ಚೌಕಟ್ಟಿಗೆ ನಿಲ್ಲಲಿಲ್ಲ. ಮರಗಳು ನಾವು ನಿಂತಿರುವ ಕಡೆಯ ಜಗತ್ತಿನಲ್ಲಿವೆ. ಅಂದರೆ ನಾವೂ ಅದೇ ಹೊಲದಲ್ಲಿ ನಿಂತಿದ್ದೇವೆ. ದೂರದಿಂದ ಹಳ್ಳಿಯನ್ನು ನೋಡಿ ಮೆಚ್ಚುತ್ತಿರುವ ಅತಿಥಿಗಳಲ್ಲ ನಾವು, ಅದೇ ಚಳಿಯಲ್ಲಿ, ಅದೇ ಬಿಸಿಲಲ್ಲಿ ಇದ್ದೇವೆ. ನನಗೆ ಈ ಚಿತ್ರ ಇಷ್ಟವಾಗುವುದಕ್ಕೆ ದೊಡ್ಡ ಕಾರಣ ಇದೇ. ವಿಮರ್ಶಕರು ತಪ್ಪು ಎಂದು ಬೆರಳಿಟ್ಟ ಜಾಗದಲ್ಲೇ ಚಿತ್ರದ ಜೀವ ಇದೆ.

ಇನ್ನು ಆ ನೆರಳಿನ ಬಣ್ಣ. ನೆರಳು ಎಂದರೆ ಕಪ್ಪು ಅಥವಾ ಕಂದು ಎಂದು ನಂಬಿದ್ದ ಕಾಲ ಅದು. ಅದೇ ಗುಂಪಿನ ಚಿತ್ರಕಾರ ಕ್ಲೋದ್ ಮೊನೆ ಹಿಮದ ಮೇಲೆ ನೀಲಿ ನೆರಳು ಬರೆದ ‘ಲಾ ಪೀ’ ಎಂಬ ಚಿತ್ರವನ್ನು 1869ರಲ್ಲಿ ಸರ್ಕಾರಿ ಸಲೋನ್ ಪ್ರದರ್ಶನದವರು ಬೇಡ ಎಂದು ವಾಪಸ್ ಕಳಿಸಿದ್ದರು. ಆದರೆ ಬೆಳ್ಳನೆಯ ನೆಲದ ಮೇಲಿನ ನೆರಳು ನಿಜವಾಗಿಯೂ ನೀಲಿಯೇ. ಬಿಸಿಲು ತಲುಪದ ಜಾಗಕ್ಕೂ ಆಕಾಶದ ಬೆಳಕು ಬೀಳುತ್ತಿರುತ್ತದೆ, ಆಕಾಶ ನೀಲಿ, ಹಾಗಾಗಿ ಆ ಬೆಳಕೂ ನೀಲಿ. ಪಕ್ಕದಲ್ಲೇ ಹಳದಿ ಬಿಸಿಲು ಬಿದ್ದಿದ್ದರೆ ನಮ್ಮ ಕಣ್ಣು ಆ ನೀಲಿಯನ್ನು ಇನ್ನಷ್ಟು ನೀಲಿ ಮಾಡಿಕೊಂಡು ನೋಡುತ್ತದೆ. ಬಣ್ಣಗಳು ಅಕ್ಕಪಕ್ಕ ಇದ್ದಾಗ ಒಂದನ್ನೊಂದು ಬದಲಿಸುವ ಈ ಗುಣದ ಬಗ್ಗೆ ಶೆವ್ರೋಲ್ ಎಂಬ ರಸಾಯನ ವಿಜ್ಞಾನಿ 1839ರಲ್ಲೇ ದಪ್ಪ ಪುಸ್ತಕ ಬರೆದಿದ್ದರು. ಅವರು ಕೆಲಸ ಮಾಡುತ್ತಿದ್ದದ್ದು ಗೋಬೆಲ್ಯಾಂ ಎಂಬ ರತ್ನಗಂಬಳಿ ಕಾರ್ಖಾನೆಯಲ್ಲಿ, ನೂಲಿನ ಬಣ್ಣದ ಮೇಲ್ವಿಚಾರಕರಾಗಿ.

ಪಿಸ್ಸಾರೋ ಚಿತ್ರದಲ್ಲಿ ಇನ್ನೂ ಒಂದು ಸೂಕ್ಷ್ಮ ಇದೆ. ಬಿಸಿಲು ಬಿದ್ದ ಕಡೆ ಮಂಜು ಬೇಗ ಕರಗುತ್ತದೆ, ನೆರಳಿನಲ್ಲಿ ಉಳಿಯುತ್ತದೆ. ರಾತ್ರಿ ಮೋಡವಿಲ್ಲದಿದ್ದರೆ ನೆಲ ತನ್ನ ಬಿಸಿಯನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಟ್ಟು ಗಾಳಿಗಿಂತ ತಣ್ಣಗಾಗುತ್ತದೆ, ಗಾಳಿಯಲ್ಲಿನ ತೇವ ನೀರೇ ಆಗದೆ ನೇರವಾಗಿ ಹರಳಾಗಿ ನೆಲಕ್ಕೆ ಹತ್ತುತ್ತದೆ. ಬೆಳಿಗ್ಗೆ ಬಿಸಿಲು ಬಂದ ಮೇಲೆ ಅದರ ಆಯುಸ್ಸು ಸ್ವಲ್ಪವೇ ಹೊತ್ತು. ಹಾಗಾಗಿ ಆ ನೀಲಿ ಪಟ್ಟೆಗಳು ಬರೀ ಬೆಳಕಿನ ಲೆಕ್ಕವಲ್ಲ, ಹೊತ್ತಿನ ಲೆಕ್ಕ ಕೂಡ. ಇನ್ನೊಂದೆರಡು ಗಂಟೆ ಕಳೆದರೆ ಇಲ್ಲಿ ಒದ್ದೆ ಮಣ್ಣು ಮಾತ್ರ ಇರುತ್ತದೆ.

ಸಾಧ್ಯವಾದರೆ ಚಿತ್ರವನ್ನು ದೊಡ್ಡದು ಮಾಡಿ ನೋಡಿ. ಫೋನಿನಲ್ಲಿ ಬೇಡ, ದೊಡ್ಡ ಪರದೆಯಲ್ಲಿ. ಬಣ್ಣವನ್ನು ನಯವಾಗಿ ಸವರಿಲ್ಲ. ಗಟ್ಟಿ ಬಣ್ಣವನ್ನು ಪದರದ ಮೇಲೆ ಪದರವಾಗಿ ಮೆತ್ತಿದ್ದಾರೆ, ಕುಂಚದ ಕೂದಲಿನ ಗುರುತು ಹಾಗೇ ಉಳಿದಿದೆ. ಒಂದು ಸಾಲನ್ನು ಹಿಡಿದು ಹೋದರೆ ಮಾಸಲು ಹಸಿರು, ತಿಳಿ ಹಳದಿ, ಮಣ್ಣಿನ ಕಂದು, ಬೂದು ಬೆರೆತ ಬಿಳಿ, ಮತ್ತೆ ನೀಲಿ, ಹೀಗೆ ಒಂದರ ಪಕ್ಕ ಒಂದು ಬರುತ್ತವೆ. ಯಾವುದೂ ಇನ್ನೊಂದರಲ್ಲಿ ಪೂರ್ತಿ ಕಲೆತಿಲ್ಲ. ಹತ್ತಿರದಿಂದ ನೋಡಿದರೆ ಅದು ಹೊಲವಲ್ಲ, ಒರಟು ಬಣ್ಣ. ಸ್ವಲ್ಪ ಹಿಂದೆ ಸರಿದರೆ ಮಣ್ಣಿನ ಹೆಂಟೆ, ಅದರ ತಲೆಯ ಮೇಲೆ ಮಾತ್ರ ಹತ್ತಿದ ಬಿಳುಪು, ಸಾಲಿನ ತಗ್ಗು, ಎಲ್ಲ ಬಿಡಿಸಿ ಕಾಣುತ್ತದೆ. ಅವರು ಇದನ್ನು ಒಂದೇ ಬೆಳಿಗ್ಗೆ ಮುಗಿಸಿರಲಿಕ್ಕಿಲ್ಲ ಎಂದು ನನಗನಿಸುತ್ತದೆ. ಮಂಜು ಅಷ್ಟು ಹೊತ್ತು ಕಾಯುವುದಿಲ್ಲ, ಎಣ್ಣೆಬಣ್ಣದ ಇಷ್ಟು ಪದರಗಳು ಅಷ್ಟು ಬೇಗ ಒಣಗುವುದೂ ಇಲ್ಲ. ನೋಟ ಕ್ಷಣದ್ದು, ಕೆಲಸ ನಿಧಾನದ್ದು.

ಈ ಒರಟುತನದ ಮೇಲೂ ದೂರು ಬಂತು, ಅದೂ ಕಸ್ತಾನ್ಯಾರಿ ಬರೆಯುವುದಕ್ಕೆ ನಾಲ್ಕು ದಿನ ಮೊದಲು. ‘ಲ ಶಾರಿವಾರಿ’ ಎಂಬ ಹಾಸ್ಯ ಪತ್ರಿಕೆಯಲ್ಲಿ ಲೂಯಿ ಲೆರ್ವಾ ಬರೆದ ಲೇಖನ ಅದು. ಮೊನೆಯ ಸೂರ್ಯೋದಯದ ಚಿತ್ರವನ್ನು ಗೇಲಿ ಮಾಡಿ, ‘ಇಂಪ್ರೆಷನಿಸ್ಟರ ಪ್ರದರ್ಶನ’ ಎಂದು ತಲೆಬರಹ ಕೊಟ್ಟ ಲೇಖನ ಅದೇ. ಅದರಲ್ಲಿ ಹಳೇ ಕಾಲದ ಒಬ್ಬ ಚಿತ್ರಕಾರ ಪ್ರದರ್ಶನ ನೋಡಲು ಬರುತ್ತಾನೆ, ಲೆರ್ವಾ ಕಲ್ಪಿಸಿಕೊಂಡ ಪಾತ್ರ. ಪಿಸ್ಸಾರೋ ಬರೆದ ಹೊಲದ ಮುಂದೆ ನಿಂತು ತನ್ನ ಕನ್ನಡಕ ಕೊಳೆಯಾಗಿದೆ ಎಂದುಕೊಂಡು ಒರೆಸಿಕೊಳ್ಳುತ್ತಾನೆ. ಇವು ಉಳುಮೆಯ ಸಾಲುಗಳು, ಅದರ ಮೇಲಿರುವುದು ಮಂಜು ಎಂದು ಜೊತೆಗಿದ್ದವರು ವಿವರಿಸುತ್ತಾರೆ. ಇದು ಸಾಲಾ, ಇದು ಮಂಜಾ, ಕೊಳಕು ಬಟ್ಟೆಯ ಮೇಲೆ ಬಣ್ಣ ಕಲೆಸುವ ಹಲಗೆ ಕೆರೆದು ಒಂದೇ ಸಮ ಮೆತ್ತಿದ್ದಾರೆ, ತಲೆ ಇಲ್ಲ ಬಾಲ ಇಲ್ಲ, ಮೇಲಿಲ್ಲ ಕೆಳಗಿಲ್ಲ, ಹಿಂದಿಲ್ಲ ಮುಂದಿಲ್ಲ ಎಂದು ಅವನು ಕೂಗಾಡುತ್ತಾನೆ.

ಲೆರ್ವಾ ನಗಿಸಲು ಬರೆದದ್ದು, ಸರಿ. ಆದರೆ ಆ ಬೈಗುಳದಲ್ಲಿ ಒಂದು ಮಾತು ನಿಜ ಇದೆ, ‘ಒಂದೇ ಸಮ’ ಎನ್ನುವುದು. ಪಿಸ್ಸಾರೋ ಇಡೀ ನೆಲಕ್ಕೆ ಒಂದೇ ಸಮನಾದ ಗಮನ ಕೊಟ್ಟಿದ್ದಾರೆ. ಹಳೆಯ ಪದ್ಧತಿಯಲ್ಲಿ ಮುಖ್ಯ ವ್ಯಕ್ತಿಗೆ ಬೆಳಕು ಬೀಳಬೇಕು, ಅವನ ಮುಖ ಕೈಕಾಲು ಬಿಡಿಸಿ ಬರೆಯಬೇಕು, ಸುತ್ತಲಿನ ನೆಲ ಹಿನ್ನೆಲೆಗೆ ಸರಿಯಬೇಕು. ಇಲ್ಲಿ ಸೌದೆ ಹೊತ್ತ ಮನುಷ್ಯನನ್ನು ಬರೆದ ಕುಂಚದ ರೀತಿಗೂ ಮಣ್ಣಿನ ಹೆಂಟೆಯನ್ನು ಬರೆದ ರೀತಿಗೂ ವ್ಯತ್ಯಾಸವೇ ಇಲ್ಲ. ಅವನ ಬಟ್ಟೆಯ ಬಣ್ಣ ಹೊಲದ ಬಣ್ಣಗಳಿಂದಲೇ ಬಂದದ್ದು. ಮುಖ ಕಾಣುವುದಿಲ್ಲ.

ಇದನ್ನು ನೋಡಿ ಕೆಲವರು, ಪಿಸ್ಸಾರೋಗೆ ಮನುಷ್ಯನ ಮೇಲೆ ಆಸಕ್ತಿ ಇಲ್ಲ, ಅವನನ್ನೂ ಒಂದು ಪೊದೆಯ ಹಾಗೆ ಬರೆದಿದ್ದಾರೆ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ರೈತರ ಚಿತ್ರಗಳಿಗೆ ಹೆಸರಾದ ಜಾನ್ ಫ್ರಾನ್ಸ್ವಾ ಮಿಯೆಯ ಚಿತ್ರಗಳ ಪಕ್ಕದಲ್ಲಿ ಇದನ್ನು ಇಟ್ಟು ನೋಡಬೇಕು. ಮಿಯೆ 1857ರಲ್ಲಿ ಬರೆದ ‘ತೆನೆ ಆಯುವ ಹೆಂಗಸರು’ ಕೂಡ ಓರ್ಸೆಯಲ್ಲೇ ಇದೆ, ಅದ್ಭುತ ಚಿತ್ರ, ಅದರ ಮುಂದೆ ಯಾರಾದರೂ ತಲೆಬಾಗಬೇಕು. ಆ ಮೂವರು ಹೆಂಗಸರು ಚಿತ್ರವನ್ನು ತುಂಬಿ ನಿಂತಿದ್ದಾರೆ, ಕಲ್ಲಿನಲ್ಲಿ ಕಡೆದ ಹಾಗೆ. ಆದರೆ ಅವರು ಬಡತನದ, ಶ್ರಮದ, ಸಹನೆಯ ಗುರುತುಗಳಾಗಿಬಿಡುತ್ತಾರೆ. ನೋಡುವವರ ಎದೆ ಭಾರವಾಗಬೇಕು ಎಂದೇ ಆ ಚಿತ್ರ ಇದೆ. ಪಿಸ್ಸಾರೋ ರೈತರನ್ನು ಬರೆಯುತ್ತಿದ್ದರಿಂದ ಅವರಿಗೆ ಮೇಲಿಂದ ಮೇಲೆ ಮಿಯೆಯ ಹೋಲಿಕೆ ಬರುತ್ತಿತ್ತು, ಅದು ಅವರಿಗೆ ಹಿಡಿಸುತ್ತಿರಲಿಲ್ಲ. ಮಿಯೆ ಬೈಬಲ್ ರೀತಿಯವರು, ಯಹೂದಿಯಾದ ನಾನು ಅಷ್ಟು ಬೈಬಲ್‌ನವನಲ್ಲ ಎಂದು ಒಂದು ಪತ್ರದಲ್ಲಿ ಬರೆದುಕೊಂಡಿದ್ದಾರೆ.

‘ಜೆಲೇ ಬ್ಲಾಂಶ್’ನ ಮನುಷ್ಯ ಯಾವುದರ ಗುರುತೂ ಅಲ್ಲ. ಚಳಿಗಾಲ, ಮನೆಯಲ್ಲಿ ಒಲೆ ಉರಿಯಬೇಕು, ಸೌದೆ ತರಬೇಕು, ತರುತ್ತಿದ್ದಾನೆ. ಅವನಿಗೆ ನಮ್ಮ ಕನಿಕರ ಬೇಕಿಲ್ಲ, ಹೊಗಳಿಕೆಯೂ ಬೇಕಿಲ್ಲ. ನಾವು ನೋಡುತ್ತಿದ್ದೇವೆ ಎನ್ನುವುದು ಅವನಿಗೆ ಗೊತ್ತೂ ಇಲ್ಲ. ದಿನನಿತ್ಯದ ಕೆಲಸ ಅದನ್ನು ಮಾಡುವವರಿಗೆ ಹೀಗೇ ತಾನೇ ಇರುವುದು? ಹೊರೆ ಭಾರ ಇದೆ ಎನ್ನುವುದು ಊರುಗೋಲಿನಿಂದ ಗೊತ್ತಾಗುತ್ತದೆ. ಅದಕ್ಕಿಂತ ಹೆಚ್ಚು ಹೇಳುವ ಅಗತ್ಯ ಪಿಸ್ಸಾರೋಗೆ ಕಾಣಲಿಲ್ಲ. ಮನುಷ್ಯನಿಗೂ ಮಣ್ಣಿಗೂ ಒಂದೇ ಗಮನ ಕೊಟ್ಟದ್ದು ಮನುಷ್ಯನನ್ನು ಇಳಿಸಿದ್ದಲ್ಲ, ಮಣ್ಣನ್ನು ಏರಿಸಿದ್ದು. ಆ ಸಾಲುಗಳೂ ಯಾರೋ ಉತ್ತದ್ದೇ ಅಲ್ವಾ? ಆ ದಾರಿ ಕೂಡ ನಡೆದು ನಡೆದು ಸವೆದದ್ದೇ. ಒಬ್ಬನೇ ಮನುಷ್ಯ ಕಾಣುವ ಈ ಚಿತ್ರದ ತುಂಬಾ ಜನರ ಕೈಕೆಲಸ ಹರಡಿಕೊಂಡಿದೆ.

ಈ ಕಣ್ಣು ಅವರಿಗೆ ಎಲ್ಲಿಂದ ಬಂತು? ಪಿಸ್ಸಾರೋ ಹುಟ್ಟಿದ್ದು ಫ್ರಾನ್ಸ್‌ನಲ್ಲೇ ಅಲ್ಲ. 1830ರಲ್ಲಿ ಕೆರಿಬಿಯನ್ ಸಮುದ್ರದ ಸೇಂಟ್ ಥಾಮಸ್ ದ್ವೀಪದಲ್ಲಿ, ಅದು ಆಗ ಡೆನ್ಮಾರ್ಕ್‌ನ ಕೈಯಲ್ಲಿತ್ತು. ಅಪ್ಪನದು ಅಂಗಡಿ ವ್ಯಾಪಾರ. ಮಗನಿಗೆ ಅದು ಬೇಡವಾಗಿ ಫ್ರಿಟ್ಸ್ ಮೆಲ್ಬಿ ಎಂಬ ಡ್ಯಾನಿಶ್ ಚಿತ್ರಕಾರನ ಜೊತೆ ವೆನೆಜುವೆಲಾಗೆ ಹೊರಟರು, 1855ರಲ್ಲಿ ಪ್ಯಾರಿಸ್‌ಗೆ ಬಂದರು, ಕೊನೆಯವರೆಗೂ ಡ್ಯಾನಿಶ್ ಪ್ರಜೆಯಾಗಿಯೇ ಉಳಿದರು. ಹೆಂಡತಿ ಜೂಲಿ ವೆಲೇ ಬರ್ಗಂಡಿ ಸೀಮೆಯ ಹಳ್ಳಿಯ ಕುಟುಂಬದವರು, ಪಿಸ್ಸಾರೋ ತಾಯಿಯ ಮನೆಯಲ್ಲಿ ಕೆಲಸಕ್ಕಿದ್ದವರು. ಮನೆಯಲ್ಲಿ ದುಡ್ಡಿಗೆ ಯಾವಾಗಲೂ ತಾಪತ್ರಯ. ಜೂಲಿ ತರಕಾರಿ ಬೆಳೆದು, ಕೋಳಿ ಮೊಲ ಸಾಕಿ ಮಕ್ಕಳನ್ನು ಬೆಳೆಸಿದರು. ಎಲೆಕೋಸು ಈ ಮನುಷ್ಯನಿಗೆ ನೋಡಲು ಚೆಂದದ ವಸ್ತು ಮಾತ್ರ ಆಗಿರಲಿಲ್ಲ, ರಾತ್ರಿಯ ಊಟವೂ ಆಗಿತ್ತು. ಕಸ್ತಾನ್ಯಾರಿಯವರ ಎಲೆಕೋಸಿನ ಮಾತು ಓದಿದಾಗಲೆಲ್ಲ ನನಗೆ ಜೂಲಿ ನೆನಪಾಗುತ್ತಾರೆ.

ಈ ಚಿತ್ರಕ್ಕೆ ಮುಂಚೆ ಅವರು ಕಳೆದುಕೊಂಡದ್ದೂ ಕಡಿಮೆ ಅಲ್ಲ. 1870ರಲ್ಲಿ ಪ್ರಷ್ಯಾದ ಜೊತೆ ಯುದ್ಧ ಶುರುವಾದಾಗ ಲೂವೆಸಿಯೆನ್ ಎಂಬ ಊರಲ್ಲಿದ್ದ ಮನೆ ಬಿಟ್ಟು ಸಂಸಾರ ಸಮೇತ ಲಂಡನ್‌ಗೆ ಹೋದರು. ಆ ಮನೆಯಲ್ಲಿ ಪ್ರಷ್ಯಾದ ಸೈನಿಕರು ಬಿಡಾರ ಹೂಡಿದರು. ವಾಪಸ್ ಬಂದು ನೋಡಿದರೆ ಸುಮಾರು ಇಪ್ಪತ್ತು ವರ್ಷದ ಕೆಲಸದಲ್ಲಿ ಉಳಿದದ್ದು ಸ್ವಲ್ಪವೇ ಚಿತ್ರಗಳು. 1872ರಲ್ಲಿ ಪೋಂತ್ವಾಜ್‌ಗೆ ಬಂದು ಮೊದಲಿನಿಂದ ಶುರುಮಾಡಿದರು. ಚಿತ್ರಕಾರ ಪಾಲ್ ಸೆಝಾನ್ ಕೂಡ ಹತ್ತಿರಕ್ಕೆ ಬಂದು ಅವರ ಜೊತೆ ಹೊಲಗದ್ದೆಗಳಲ್ಲಿ ಕೂತು ಬರೆಯುತ್ತಿದ್ದರು. ಸೆಝಾನ್ ಆಮೇಲೆ ದೊಡ್ಡ ಹೆಸರು ಮಾಡಿದ ಮೇಲೂ, 1906ರ ಒಂದು ಪ್ರದರ್ಶನದ ಪಟ್ಟಿಯಲ್ಲಿ ತಮ್ಮನ್ನು ‘ಪಿಸ್ಸಾರೋ ಶಿಷ್ಯ’ ಎಂದೇ ಹಾಕಿಸಿಕೊಂಡರು.

1873ರ ಡಿಸೆಂಬರ್‌ನಲ್ಲಿ ತೆಯೊದೋರ್ ದ್ಯುರೆ ಎಂಬ ಗೆಳೆಯ, ವಿಮರ್ಶಕ, ಪಿಸ್ಸಾರೋಗೆ ಒಂದು ಪತ್ರ ಬರೆದರು. ನಿಮಗೆ (ಅದೇ ಗುಂಪಿನ ಇನ್ನೊಬ್ಬ ಚಿತ್ರಕಾರ) ಸಿಸ್ಲಿಯ ಅಲಂಕಾರದ ಗುಣ ಇಲ್ಲ, ಮೊನೆಯ ಮಾಯಾಕಣ್ಣೂ ಇಲ್ಲ, ಆದರೆ ಅವರಿಬ್ಬರಲ್ಲೂ ಇಲ್ಲದ್ದು ನಿಮ್ಮಲ್ಲಿದೆ, ಪ್ರಕೃತಿಯ ಬಗ್ಗೆ ಒಳಗಿನಿಂದ ಬಂದ ಆಳವಾದ ಭಾವ, ಹಳ್ಳಿಯ ನಿಮ್ಮ ದಾರಿಯಲ್ಲೇ ನಡೆಯಿರಿ ಎನ್ನುವುದು ಅದರ ಸಾರ. ಇಂಥ ಗೆಳೆಯರು ಎಲ್ಲರಿಗೂ ಸಿಗುವುದಿಲ್ಲ. ಇಲ್ಲದ್ದು ಏನು ಎಂದು ಮುಖಕ್ಕೇ ಹೇಳಿ, ಇರುವುದರ ಬೆಲೆಯನ್ನೂ ಹೇಳಿದ್ದಾರೆ.

ಅದೇ ತಿಂಗಳು ಪಿಸ್ಸಾರೋ, ಮೊನೆ, ರೆನ್ವಾ, ಸಿಸ್ಲಿ, ದೇಗಾ, ಬರ್ತ್ ಮೊರಿಸೋ ಮುಂತಾದವರು ಸೇರಿ ಸಂಘ ಕಟ್ಟಿದರು. ಅದರ ನಿಯಮಾವಳಿಗೆ ಪಿಸ್ಸಾರೋ ಮಾದರಿಯಾಗಿ ತಂದದ್ದು ಪೋಂತ್ವಾಜ್‌ನ ಬ್ರೆಡ್ ಮಾಡುವವರ ಸಂಘದ ನಿಯಮಗಳನ್ನು. ನನಗೆ ಈ ಸಂಗತಿ ತುಂಬಾ ಖುಷಿ ಕೊಡುತ್ತದೆ. ಚಿತ್ರಕಲೆಯ ಇತಿಹಾಸವನ್ನೇ ಬದಲಿಸಿದ ಗುಂಪಿನ ಕಾನೂನು ಬಂದದ್ದು ಬೆಳಗಿನ ಜಾವ ಎದ್ದು ಹಿಟ್ಟು ನಾದುವವರ ಕಡೆಯಿಂದ.

ಆ ಸಂಘದ ಮೊದಲ ಪ್ರದರ್ಶನ, ಕಸ್ತಾನ್ಯಾರಿ ಮತ್ತು ಲೆರ್ವಾ ಬರೆದದ್ದು ಇದರ ಬಗ್ಗೆಯೇ, 1874ರ ಏಪ್ರಿಲ್ 15ಕ್ಕೆ ಶುರುವಾಯಿತು, ಒಂದು ತಿಂಗಳು ನಡೆಯಿತು. ಜಾಗ ಕಪ್ಯುಸಿನ್ ಬುಲೆವಾರ್‌ನ 35ನೇ ನಂಬರ್, ಫೋಟೋಗ್ರಾಫರ್ ನದಾರ್ ಅವರ ಹಳೆಯ ಸ್ಟುಡಿಯೋ. ಪ್ರವೇಶಕ್ಕೆ 1 ಫ್ರಾಂಕ್. ಪಿಸ್ಸಾರೋ ಐದು ಚಿತ್ರ ಇಟ್ಟಿದ್ದರು, ‘ಜೆಲೇ ಬ್ಲಾಂಶ್’ ಅದರಲ್ಲಿ ಒಂದು. ಆ ಬಾಗಿಲು ತೆರೆಯುವುದಕ್ಕೆ ಕೆಲವೇ ದಿನ ಮುಂಚೆ ಅವರ ಮಗಳು ತೀರಿಕೊಂಡಿದ್ದಳು. ಮನೆಯಲ್ಲಿ ಮಿನೆತ್ ಎಂದು ಕರೆಯುತ್ತಿದ್ದ ಆ ಮಗುವಿಗೆ ಇನ್ನೂ ಒಂಬತ್ತು ತುಂಬಿರಲಿಲ್ಲ. ಲೆರ್ವಾ ಗೇಲಿ, ಕಸ್ತಾನ್ಯಾರಿ ದೂರು, ಎರಡೂ ಅಚ್ಚಾದದ್ದು ಆ ಸಾವಿನ ತಿಂಗಳಲ್ಲೇ.

ವರ್ಷದ ಕೊನೆಗೆ ಸಂಘ ಸಾಲದಲ್ಲಿ ಮುಳುಗಿತು. ಒಬ್ಬೊಬ್ಬ ಸದಸ್ಯರ ತಲೆಗೆ 184 ಫ್ರಾಂಕ್ 50 ಸಾಂತಿಮ್ ಬಾಕಿ ಎಂದು ಲೆಕ್ಕ ಬಂತು, ಸಂಘ ಮುಚ್ಚಿದರು. ಆದರೂ 1876ರಲ್ಲಿ ಗುಂಪಿನ ಎರಡನೇ ಪ್ರದರ್ಶನ ಆಯಿತು. ಆಗ ‘ಲ ಫಿಗಾರೋ’ದ ಆಲ್ಬರ್ಟ್ ವೋಲ್ಫ್, ಮರಗಳು ನೇರಳೆ ಬಣ್ಣದ್ದಲ್ಲ, ಆಕಾಶ ತಾಜಾ ಬೆಣ್ಣೆಯ ಬಣ್ಣದ್ದಲ್ಲ ಎಂದು ಪಿಸ್ಸಾರೋಗೆ ಯಾರಾದರೂ ತಿಳಿಸಿ ಹೇಳಿ ಎಂದು ಬರೆದರು. ಪಿಸ್ಸಾರೋ ಬಿಡಲಿಲ್ಲ. 1886ರವರೆಗೆ ಒಟ್ಟು ಎಂಟು ಪ್ರದರ್ಶನ ನಡೆದವು. ಬೇಸರವಾಗಿಯೋ ಜಗಳವಾಗಿಯೋ ಉಳಿದವರೆಲ್ಲ ಒಂದಲ್ಲ ಒಂದು ಸಲ ತಪ್ಪಿಸಿದರು. ಎಂಟಕ್ಕೆ ಎಂಟರಲ್ಲೂ ಇದ್ದವರು ಪಿಸ್ಸಾರೋ ಒಬ್ಬರೇ.

ಇದನ್ನೆಲ್ಲ ತಿಳಿದ ಮೇಲೆ ಚಿತ್ರ ಬದಲಾಗುತ್ತದಾ? ನನ್ನ ಮಟ್ಟಿಗೆ ಇಲ್ಲ, ಆಗಬೇಕಾಗಿಯೂ ಇಲ್ಲ. ಮಗಳ ಸಾವಿನ ದುಃಖವನ್ನು ಆ ಹೊಲದಲ್ಲಿ ಹುಡುಕುವುದು ಸರಿಯಲ್ಲ, ಚಿತ್ರ ಅದಕ್ಕಿಂತ ಮೊದಲಿನದು. ಸೌದೆ ಹೊತ್ತವನನ್ನು ಪಿಸ್ಸಾರೋ ಎಂದುಕೊಳ್ಳುವುದೂ ನನಗೆ ಇಷ್ಟವಿಲ್ಲ. ಅವನು ಸೌದೆ ಹೊತ್ತವನಾಗಿಯೇ ಇರಲಿ. ಆದರೆ ಇಷ್ಟು ಕಷ್ಟದ ನಡುವೆಯೂ ಒಬ್ಬ ಮನುಷ್ಯ ಮಣ್ಣಿನ ಒಂದೊಂದು ಸಾಲಿಗೂ ಇಷ್ಟು ತಾಳ್ಮೆಯಿಂದ ಬಣ್ಣ ಹುಡುಕಿದ ಎನ್ನುವುದು ಗೊತ್ತಾದಾಗ ನಾನೂ ಇನ್ನಷ್ಟು ತಾಳ್ಮೆಯಿಂದ ನೋಡುತ್ತೇನೆ.

ಈ ಚಿತ್ರ ಹಿಡಿಸಿದವರು ಇನ್ನೊಂದನ್ನೂ ನೋಡಬೇಕು. ಸುಮಾರು ಹದಿನೈದು ವರ್ಷದ ನಂತರ, 1888ರ ಹೊತ್ತಿಗೆ, ಪಿಸ್ಸಾರೋ ಮತ್ತೆ ಅದೇ ವಿಷಯಕ್ಕೆ ಬಂದರು. ಆಗ ಅವರು ಎರಾನ್ಯಿ ಎಂಬ ಇನ್ನೂ ಚಿಕ್ಕ ಹಳ್ಳಿಯಲ್ಲಿದ್ದರು. ಮಂಜು ಬಿದ್ದ ಹೊಲದಲ್ಲಿ ಒಬ್ಬ ಹುಡುಗಿ ಉದ್ದನೆಯ ಕೊಂಬೆಯನ್ನು ಬಗ್ಗಿಸಿ ಮುರಿಯುತ್ತಾ ಬೆಂಕಿ ಮಾಡುತ್ತಿದ್ದಾಳೆ, ಪಕ್ಕದಲ್ಲಿ ಒಂದು ಮಗು ಚಳಿ ಕಾಯಿಸಿಕೊಳ್ಳುತ್ತಿದೆ. ಆ ಹೊತ್ತಿಗೆ ಅವರು ತಮಗಿಂತ ತುಂಬಾ ಚಿಕ್ಕವರಾದ ಸೆರಾ, ಸಿನ್ಯಾಕ್ ಅವರ ಜೊತೆ ಸೇರಿ ಚುಕ್ಕಿ ಚುಕ್ಕಿಯಾಗಿ ಬಣ್ಣ ಇಡುವ ರೀತಿ ಹಿಡಿದಿದ್ದರು. ಐವತ್ತು ದಾಟಿದ ಮೇಲೆ ಹುಡುಗರ ಹತ್ತಿರ ಹೊಸದಾಗಿ ಕಲಿಯಲು ಕೂತವರು ಅವರು, ಅದಕ್ಕೇ ನನಗೆ ಗೌರವ. ಚಿತ್ರವೂ ಬಹಳ ಚೆಂದ ಇದೆ. ಹೊಗೆ ಗಾಳಿಗೆ ಅಡ್ಡಲಾಗಿ ತೇಲಿ ಹೋಗುತ್ತದೆ, ಅದರ ಹಿಂದಿನ ಹೊಲ ಹೊಗೆಯ ಮೂಲಕವೇ ಮಿನುಗುತ್ತದೆ.

ಆದರೂ ಆಯ್ಕೆ ಮಾಡು ಎಂದರೆ ನಾನು 1873ರದನ್ನೇ ಆರಿಸುತ್ತೇನೆ. ಚುಕ್ಕಿಗಳು ಎಲ್ಲ ಕಡೆ ಒಂದೇ ಅಳತೆಯವು, ಮಣ್ಣಾಗಲಿ ಹೊಗೆಯಾಗಲಿ ಹುಡುಗಿಯ ಸ್ಕರ್ಟ್ ಆಗಲಿ ಕೈ ಒಂದೇ ರೀತಿ ಆಡಿದೆ. ಆ ರೀತಿ ತೀರಾ ನಿಧಾನ, ಕೈ ಕಟ್ಟಿಹಾಕುತ್ತದೆ ಎಂದು ಪಿಸ್ಸಾರೋ ಅವರೇ ಕೆಲವು ವರ್ಷದಲ್ಲಿ ಅದನ್ನು ಬಿಟ್ಟರು. ‘ಜೆಲೇ ಬ್ಲಾಂಶ್’ನಲ್ಲಿ ಕುಂಚ ಉಳುಮೆಯ ಜೊತೆಗೇ ಹೋಗುತ್ತದೆ. ಸಾಲು ಎತ್ತ ಹೋಗುತ್ತದೋ ಬಣ್ಣವೂ ಅತ್ತಲೇ ಎಳೆದಿದೆ, ನೆಲ ಗಟ್ಟಿಯಿರುವ ಕಡೆ ಬಣ್ಣವೂ ಗಟ್ಟಿ. ಎರಡನ್ನೂ ಅಕ್ಕಪಕ್ಕ ತೆರೆದಿಟ್ಟು ನೋಡಿ, ನಿಮಗೆ ಯಾವುದು ಹಿಡಿಸಿತು ಎಂದು ನನಗೂ ತಿಳಿಸಿ.